ಮುರಕಲ್ಲಿನ ಗೋಡೆಯಲ್ಲಿ ಅಶ್ವತ್ಥ, ಬಾವಿಕಟ್ಟೆಯಲ್ಲಿ ಗೋಳಿ: ತೆಗೆಯುವುದು ಹೇಗೆ, ನೆಡುವುದು ಎಲ್ಲಿ?

ಹಂಚಿನಮಾಡು (ಪೆರ್ಲ, ಕಾಸರಗೋಡು ಜಿಲ್ಲೆ) ಕೇಳಿದ್ದು:

ನಮಸ್ಕಾರ. ಮುರಕಲ್ಲಿನ (ಜಂಬಿಟ್ಟಿಗೆಯ) ಹಳೆ ಮನೆ. ಗೋಡೆ ಒಂದೂವರೆ ಅಡಿ ದಪ್ಪ, ಕಲ್ಲಿನ ನಡುವೆ ಮಣ್ಣಿನ ಗಾರೆ, ಹೊರಗೆ ಸುಣ್ಣದ ಸಾರಣೆ. ಪಡು ದಿಕ್ಕಿನ ಗೋಡೆಗೆ ಮಾತ್ರ, ಮಳೆ ಹೊಡೆಯುತ್ತದೆಂದು, ಮಧ್ಯೆ ಯಾವಾಗಲೋ ಸಿಮೆಂಟ್ ಸಾರಣೆ ಆಗಿದೆ. ಅದೇ ಗೋಡೆಯಲ್ಲಿ ಈಗ ಮೂರು ಗಿಡ. ಒಂದು ಪೆನ್ಸಿಲ್‌ನಷ್ಟು ದಪ್ಪ, ಇನ್ನೊಂದು ಹೆಬ್ಬೆರಳಿನಷ್ಟು. ಇವೆರಡರ ಎಲೆ ಹೃದಯದ ಆಕಾರ, ತುದಿ ಬಾಲದ ಹಾಗೆ ಉದ್ದ. ಮೂರನೆಯದು ಮಾಡಿನ ಕೆಳಗೆ, ಗೋಡೆಗೆ ಪಕ್ಕಾಸು (ಹಂಚು ಹೊರುವ ಮರ) ಕೂರುವಲ್ಲಿ. ಅದು ಮಣಿಕಟ್ಟಿಗಿಂತ ದಪ್ಪ ಉಂಟು, ಎಲೆ ಸಣ್ಣದು, ಹೊಳಪು. ಅದರ ಕೆಳಗೆ ಸಾರಣೆ ಎರಡಡಿ ಉದ್ದಕ್ಕೆ ಬಿರಿದಿದೆ. ಇದಲ್ಲದೆ ಬಾವಿಕಟ್ಟೆಯ ಒಳಮೈಯಲ್ಲಿ ಗೋಳಿಯ (ಆಲದ) ಹಾಗೆ ಕಾಣುವ ಒಂದು ಗಿಡ, ಬೇರು ಬಾವಿಯೊಳಗೆ ನಾಲ್ಕಡಿ ಇಳಿದಿದೆ.

ಪ್ರತಿ ವರ್ಷ ಕತ್ತಿಯಲ್ಲಿ ಸವರಿದರೂ ಮಳೆಗಾಲಕ್ಕೆ ಇಮ್ಮಡಿ ಬರುತ್ತದೆ. ಗೋಡೆಗೆ ಪೆಟ್ಟಾಗದೆ ಬುಡಸಮೇತ ತೆಗೆಯುವುದು ಹೇಗೆ? ಅಶ್ವತ್ಥವಾದ್ದರಿಂದ ಕಡಿಯಲಿಕ್ಕೆ ಕೆಲಸದವರು ಒಪ್ಪುವುದಿಲ್ಲ, ಕಿತ್ತು ಬೇರೆ ಕಡೆ ನೆಟ್ಟರೆ ಬದುಕೀತಾ? ಇರುವ ಜಾಗ 30 ಸೆಂಟ್ಸ್. ಅದರಲ್ಲೇ ಒಂದು ಗೋಳಿ ಇಟ್ಟುಕೊಳ್ಳಬಹುದಾ?

ಚಾಣ_ಸುತ್ತಿಗೆ:

ಹೃದಯದ ಎಲೆಗೆ ಬಾಲದ ತುದಿ ಅಂದರೆ ಅಶ್ವತ್ಥವೇ, ಸಂಶಯ ಇಲ್ಲ. ಸಣ್ಣ ಹೊಳಪೆಲೆಯದ್ದು ಪಿಲಾಲ ಆಗಿರಬೇಕು, ಮಲಯಾಳದಲ್ಲಿ ಇತ್ತಿ ಅಂತಾರೆ. ಬಾವಿಯದ್ದು ಗೋಳಿಯೇ ಹೌದಾ ಅಂತ ತಿಳಿಯಲಿಕ್ಕೆ ಎಲೆ ಮುಟ್ಟಿ ನೋಡಿ. ಗೋಳಿಯ ಎಲೆ ಅಂಗೈಯಗಲ, ಚರ್ಮದ ಹಾಗೆ ದಪ್ಪ, ಎಳೆಯದಕ್ಕೆ ಅಡಿಯಲ್ಲಿ ನಯವಾದ ರೋಮ ಇರ್ತದೆ. ತೆಗೆಯುವ ಕ್ರಮ ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ. ಪಿಲಾಲದ ಬುಡ ಮಾತ್ರ ಗಡ್ಡೆಯ ಹಾಗೆ ಊದಿಕೊಳ್ಳುತ್ತದೆ, ಅದಕ್ಕೆ ಚಿಗುರುವ ಹಟ ಜಾಸ್ತಿ.

ಗಿಡಕ್ಕಿಂತ ಮೊದಲು ಆ ಸಿಮೆಂಟ್ ಸಾರಣೆಯ ವಿಷಯ ಮಾತಾಡಬೇಕು. ಮುರಕಲ್ಲು ನೀರು ಹೀರುವ ಕಲ್ಲು, ಮಣ್ಣಿನ ಗಾರೆ ಅದಕ್ಕಿಂತ ಹೆಚ್ಚು ಹೀರುತ್ತದೆ. ಸುಣ್ಣದ ಸಾರಣೆ ಆದರೆ ಹೀರಿದ ನೀರನ್ನು ಬಿಸಿಲಿಗೆ ಹೊರಗೆ ಬಿಡ್ತದೆ. ಸಿಮೆಂಟ್ ಹಾಗಲ್ಲ. ಗೋಡೆ ಒದ್ದೆಯಾಗಿ ಒಣಗುವಾಗ ಸ್ವಲ್ಪ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಅದರ ಜೊತೆ ಹೋಗದೆ ಕೂದಲೆಳೆಯಷ್ಟು ಬಿರಿಯುತ್ತದೆ. ಆ ಬಿರುಕಲ್ಲಿ ನೀರು ಒಳಗೆ ಹೋಗ್ತದೆ, ಹೊರಗೆ ಬರಲಿಕ್ಕೆ ದಾರಿ ಇಲ್ಲ. ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಊರು ನಮ್ಮದು. ಪಡುಗೋಡೆಯ ಸಾರಣೆ ಹಿಂದೆ ಮಕರ ಸಂಕ್ರಾಂತಿಯ ತನಕವೂ ತೇವ ಇರ್ತದೆ. ಕೋಗಿಲೆ, ಮೈನಾ, ಪಿಕಳಾರ, ಕುಟ್ರು, ಬಾವಲಿ ಇವುಗಳ ಹಿಕ್ಕೆಯಲ್ಲಿ ಬಂದ ಸಾಸಿವೆಗಿಂತ ಸಣ್ಣ ಬೀಜಕ್ಕೆ ಅಷ್ಟು ಸಾಕು. ಬೇರು ಕಲ್ಲಿಗೂ ಸಾರಣೆಗೂ ನಡುವೆ ಹಾಳೆಯ ಹಾಗೆ ಚಪ್ಪಟೆಯಾಗಿ ಓಡ್ತದೆ. ನೀವು ಹೇಳಿದ ಎರಡಡಿ ಬಿರುಕು ಅದೇ. ಗಿಡ ತೆಗೆದು ಸಿಮೆಂಟನ್ನು ಹಾಗೇ ಬಿಟ್ಟರೆ ಮೂರು ವರ್ಷದಲ್ಲಿ ಮತ್ತೆ ಇಲ್ಲಿಯೇ ಪ್ರಶ್ನೆ ಹಾಕ್ತೀರಿ.

ಪೆನ್ಸಿಲ್ ಗಾತ್ರದ್ದನ್ನು ಜೂನ್‌ನಲ್ಲಿ ನಾಲ್ಕೈದು ದೊಡ್ಡ ಮಳೆ ಆದ ಮೇಲೆ ತೆಗೀರಿ. ಆಗ ಸಂದಿನ ಮಣ್ಣು ಮೆದುವಾಗಿರ್ತದೆ. ಗಿಡದ ಸುತ್ತ ಸಾರಣೆಯನ್ನು ಸಣ್ಣ ಚಾಣದಲ್ಲಿ ಅಂಗೈಯಗಲಕ್ಕೆ ಎಬ್ಬಿಸಿ, ಸಂದಿನ ಮಣ್ಣನ್ನು ಹಳೆ ಸ್ಕ್ರೂಡ್ರೈವರಲ್ಲಿ ಒಂದೆರಡು ಇಂಚು ಕೆದಕಿ. ಮತ್ತೆ ಬುಡದ ಗಂಟನ್ನೇ ಹಿಡಿದು ಸಂದು ಹೋಗುವ ದಿಕ್ಕಿಗೆ ನಿಧಾನಕ್ಕೆ ಎಳೀರಿ. ದಂಟು ಹಿಡಿದು ಎಳೆದರೆ ಗಂಟು ಒಳಗೇ ಉಳೀತದೆ. ಚಿಗುರುವುದು ಆ ಗಂಟಿನಿಂದಲೇ, ನೀವು ಪ್ರತಿ ವರ್ಷ ಸವರಿ ಬಿಟ್ಟದ್ದೂ ಅದನ್ನೇ. ಬಂದ ಬೇರಿನ ತುದಿ ಇಲಿಬಾಲದ ಹಾಗೆ ಸಪೂರ ಆಗಿದ್ದರೆ ಪೂರ್ತಿ ಬಂದ ಲೆಕ್ಕ. ಗಂಟಿನ ಹತ್ತಿರವೇ ತುಂಡಾಗಿ ಹಾಲು ಸುರಿದರೆ ಇನ್ನೂ ಕೆದಕಬೇಕು.

ಹೆಬ್ಬೆರಳು ಗಾತ್ರದ್ದು ಎಳೆದರೆ ಬರುವುದಿಲ್ಲ, ಬಂದರೆ ಕಲ್ಲಿನ ಜೊತೆ ಬರ್ತದೆ. ಅದನ್ನು ಬಳಲಿಸಿಯೇ ಕೊಲ್ಲಬೇಕು. ಅಶ್ವತ್ಥ ಬೇಸಿಗೆಯಲ್ಲಿ ಹೊಸ ಎಲೆ ಬಿಟ್ಟು, ಕೆಂಪು ಹೋಗಿ ಹಸಿರಾಗುವ ಹೊತ್ತಿಗೆ ಕಡಿಯಿರಿ. ಬೇರಲ್ಲಿ ಕೂಡಿಟ್ಟ ಆಹಾರ ಎಲೆಗೆ ಖರ್ಚಾಗಿ ಮುಗಿದಿರುವ ಸಮಯ ಅದು. ಬುಡ ಎರಡಿಂಚು ಬಿಟ್ಟು ಕೊಯ್ದು ಸುತ್ತಿನ ತೊಗಟೆ ಸುಲೀರಿ, ಮೇಲೆ ದಪ್ಪ ಕಪ್ಪು ಟಾರ್ಪಾಲಿನ ತುಂಡು ಬಿಗಿಯಾಗಿ ಕಟ್ಟಿ ಬೆಳಕು ತಪ್ಪಿಸಿ. ಹದಿನೈದು ದಿನಕ್ಕೊಮ್ಮೆ ಬಿಚ್ಚಿ ನೋಡಿ ಚಿಗುರು ಚಿವುಟಿ. ಒಂದು ಚಿಗುರಲ್ಲಿ ನಾಲ್ಕು ಎಲೆ ಬಲಿಯಿತು ಅಂದರೆ ಅದು ಮತ್ತೆ ಸಂಪಾದನೆ ಶುರು ಮಾಡ್ತು, ನಿಮ್ಮ ಎರಡು ತಿಂಗಳ ಕೆಲಸ ಹೋಯ್ತು. ಒಂದು ಮಳೆಗಾಲ ಸಾಲದು, ಎರಡು ಬೇಕಾದೀತು.

ಮಾಡಿನ ಕೆಳಗಿನ ಪಿಲಾಲಕ್ಕೆ ಗೋಡೆ ಬಿಚ್ಚದೆ ಉಪಾಯ ಇಲ್ಲ ಮಾರಾಯ್ರೇ. ಮೊದಲು ತೂಗುಗುಂಡು ಬಿಟ್ಟು ನೋಡಿ. ಉಬ್ಬು ಒಂದಿಂಚು ದಾಟಿದ್ದರೆ ಮೇಸ್ತ್ರಿ ಇಲ್ಲದೆ ಒಂದು ಬೇರನ್ನೂ ಮುಟ್ಟಬೇಡಿ, ಎಷ್ಟೋ ಸಲ ಕಲ್ಲನ್ನು ಹಿಡಿದುಕೊಂಡಿರುವುದು ಆ ಬೇರೇ ಆಗಿರ್ತದೆ. ಕೆಲಸ ಡಿಸೆಂಬರ್ ಮತ್ತು ಏಪ್ರಿಲ್ ನಡುವೆ. ಕೊಂಬೆ ಎಲ್ಲ ತೆಗೆದು ಭಾರ ಇಳಿಸಿ. ಆ ಭಾಗದ ಪಕ್ಕಾಸುಗಳಿಗೆ ಅಡಿಯಿಂದ ತೊಲೆ ಕೊಟ್ಟು ಜಾಕ್ ನಿಲ್ಲಿಸಿ, ಹಂಚು ನಾಲ್ಕು ಸಾಲು ಇಳಿಸಿ. ಕಲ್ಲಿಗೆ ಸುಣ್ಣದಲ್ಲಿ ನಂಬರ್ ಬರೆದು ಮೇಲಿನ ವರಸೆಯಿಂದ ಒಂದೊಂದಾಗಿ ಬಿಚ್ಚಿ. ಒಮ್ಮೆಗೆ ಮೂರಡಿ ಅಗಲಕ್ಕಿಂತ ಹೆಚ್ಚು ತೆರೆಯಬೇಡಿ. ಗಡ್ಡೆ ಪೂರ್ತಿ ಸಿಗುವ ತನಕ ಬಿಚ್ಚಿ, ಕೆಳಗೆ ಓಡಿದ ಸಪೂರ ಬೇರುಗಳನ್ನು ಕೊಯ್ದು ಅಲ್ಲೇ ಬಿಡಿ.

ಹಾಗೆ ಬಿಟ್ಟ ಬೇರು ಒಳಗೇ ಕೊಳೆತು ಪೊಳ್ಳು ಆಗ್ತದೆ, ಗೆದ್ದಲಿಗೆ ಅದೇ ದಾರಿ. ಆದ ಕಾರಣ ಒಂದು ವರ್ಷ ಬಿಟ್ಟು ಆ ಸಂದುಗಳಿಗೆ ತೆಳು ಸುಣ್ಣದ ಗಾರೆ ಹೊಯ್ಯಬೇಕು. ಕೆಳಗಿಂದ ಮೇಲಕ್ಕೆ, ದಿನಕ್ಕೆ ಎರಡಡಿ ಎತ್ತರ ಮಾತ್ರ. ಒಂದೇ ದಿನ ಮೇಲಿನ ತನಕ ತುಂಬಿಸಿದರೆ ಒದ್ದೆ ಗಾರೆಯ ಒತ್ತಡಕ್ಕೆ ಗೋಡೆಯ ಹೊರಪದರ ಉಬ್ಬುತ್ತದೆ.

ಕಟ್ಟುವ ಗಾರೆಗೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಹೊಯಿಗೆ (ಮರಳು). ಸದಾ ತೇವ ಇರುವಲ್ಲಿ ಹೊಯಿಗೆಯಲ್ಲಿ ಅರ್ಧ ಪಾಲು ತೆಗೆದು ಇಟ್ಟಿಗೆ ಪುಡಿ ಸೇರಿಸಿದರೆ ಬೇಗ ಗಟ್ಟಿಯಾಗ್ತದೆ. ಸುಣ್ಣ ಎರಡು ವಾರವಾದರೂ ನೀರಲ್ಲಿ ನೆನೆದು ಬೆಣ್ಣೆಯ ಹಾಗೆ ಆಗಿರಬೇಕು, ಅರಳದ ಹರಳು ಉಳಿದರೆ ಸಾರಣೆ ಆದ ಮೇಲೆ ಅಲ್ಲಲ್ಲಿ ಸಿಡೀತದೆ. ಕಲ್ಲನ್ನು ಚೆನ್ನಾಗಿ ನೆನೆಸಿಯೇ ಗಾರೆ ಹಾಕಿ. ಆಳದ ಸಂದನ್ನು ಒಮ್ಮೆಗೇ ತುಂಬಬೇಡಿ, ಮುಕ್ಕಾಲು ಇಂಚಿನ ಪದರ ಹಾಕಿ ಒಂದು ದಿನ ಬಿಟ್ಟು ಮತ್ತೊಂದು. ವಾರ ಕಾಲ ಒದ್ದೆ ಗೋಣಿ ಹೊದೆಸಿ. ಜೂನ್‌ನಲ್ಲಿ ಕಿತ್ತ ಜಾಗಕ್ಕೆ ತಕ್ಷಣ ಸುಣ್ಣ ನಿಲ್ಲುವುದಿಲ್ಲ, ಮಳೆ ತೊಳೀತದೆ. ಕಲ್ಲಿನ ಚಕ್ಕೆ ಬಡಿದು ಜೇಡಿಮಣ್ಣು ಒತ್ತಿ ಇಡಿ, ಡಿಸೆಂಬರ್‌ನಲ್ಲಿ ಅದನ್ನು ತೆಗೆದು ಗಾರೆ ಹಾಕಿ.

ತೋಟದಕರೆ:

ಇಷ್ಟೆಲ್ಲ ಎಂತಕ್ಕೆ? ಬುಡ ಕೊಯ್ದು ಹಸಿ ಇರುವಾಗಲೇ ಗ್ಲೈಫೊಸೇಟ್ ಕಳೆನಾಶಕ ಬಳಿದರೆ ಆಯ್ತಲ್ಲ. ಇಲ್ಲದಿದ್ದರೆ ತೋಟಕ್ಕೆ ಬಿಡುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತು ಮಿಕ್ಕಿದ್ದು ಎಲ್ಲರ ಮನೆಯಲ್ಲೂ ಉಂಟು. ಬುಡಕ್ಕೆ ಡ್ರಿಲ್ ಹಾಕಿ ತುಂಬಿಸಿದರೆ ಮುಗೀತು.

ಪದವಿನ_ಹುಲ್ಲು:

ತೋಟದಕರೆ ಅಣ್ಣ, ಗ್ಲೈಫೊಸೇಟ್ ಮಾರುವುದನ್ನೂ ಬಳಸುವುದನ್ನೂ ಕೇರಳ ಸರಕಾರ 2019ರಲ್ಲೇ ನಿಷೇಧಿಸಿದೆ. ಗಡಿ ದಾಟಿ ತಂದು ಬಾವಿಕಟ್ಟೆಗೆ ಹಚ್ಚುವ ಸಲಹೆಯನ್ನು ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಜಿಲ್ಲೆಯಲ್ಲಿ ಕೊಡಬೇಡಿ.

ಮೈಲುತುತ್ತು ಗಿಡದ ಒಳಗೆ ಹರಡುವ ವಸ್ತುವಲ್ಲ. ಅದು ತಾಗಿದ ಬೇರಷ್ಟೇ ಕರಟುತ್ತದೆ, ಆಚೆಯ ಗಂಟು ಚೆನ್ನಾಗಿಯೇ ಇರುತ್ತದೆ. ಮಳೆಗೆ ಕರಗಿ ಬಾವಿಗೆ ಇಳಿದರೆ ಮೀನು, ಕಪ್ಪೆಗೆ ವಿಷ. ಉಪ್ಪು ತುಂಬಿಸುವ ಉಪಾಯವನ್ನೂ ಯಾರಾದರೂ ಹೇಳುವ ಮೊದಲೇ ಬರೆದುಬಿಡುತ್ತೇನೆ: ಉಪ್ಪು ಮುರಕಲ್ಲಿನ ತೂತುಗಳಲ್ಲಿ ಹರಳುಗಟ್ಟಿ ಕಲ್ಲಿನ ಮೈಯನ್ನೇ ಪುಡಿ ಮಾಡುತ್ತದೆ. ಆ್ಯಸಿಡ್ ಸುಣ್ಣದ ಗಾರೆಯನ್ನು ತಿನ್ನುತ್ತದೆ, ಗಿಡ ಸಾಯುವ ಮೊದಲು ಗೋಡೆ ಸಡಿಲ. ಇಂಗು ಇಟ್ಟರೆ ಅಶ್ವತ್ಥ ಸಾಯುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ತೂತು ಕೊರೆದದ್ದರಿಂದ ಗಿಡಕ್ಕೆ ಆಗುವ ಗಾಯವೇ ಅದರಲ್ಲಿ ದೊಡ್ಡ ಮದ್ದು. ಇಂಗನ್ನು ಸಾಂಬಾರಿಗೆ ಇಟ್ಟುಕೊಳ್ಳಿ.

ಮೈಲುತುತ್ತಿಗೆ ಬೇರೆ ಒಳ್ಳೆಯ ಕೆಲಸ ಇದೆ. ದೊಡ್ಡ ಗೋಳಿಯ ಕೊಂಬೆ ಕೊಯ್ದಾಗ ಗಾಯಕ್ಕೆ ಬೋರ್ಡೋ ಪೇಸ್ಟ್ ಹಚ್ಚಬಹುದು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಒಟ್ಟು 10 ಲೀಟರ್ ನೀರು. ತೋಟಕ್ಕೆ ಬಿಡುವುದು 100 ಲೀಟರ್‌ಗೆ ಅಷ್ಟೇ ಅಳತೆ, ಅದನ್ನು ಹಚ್ಚಿದರೆ ನೀರಾಗಿ ಇಳಿದುಹೋಗುತ್ತದೆ.

ಹಂಚಿನಮಾಡು:

ಚಾಣ_ಸುತ್ತಿಗೆ ಅಣ್ಣ, ವಿವರಕ್ಕೆ ಧನ್ಯವಾದ. ಬಾವಿಯದ್ದನ್ನೂ ಹಾಗೆಯೇ ಎಳೆಯಬಹುದಾ? ಬಾವಿ ಮೇಲಿನ ಆರೇಳು ಅಡಿ ಮಣ್ಣು, ಅದರ ಕೆಳಗೆ ಮುರಕಲ್ಲು ಕಡಿದದ್ದು. ಒಳಗೆ ಕಲ್ಲು ಕಟ್ಟಿಲ್ಲ. ಬೇರು ಇರುವುದು ಮಣ್ಣಿನ ಭಾಗದಲ್ಲಿ.

ಚಾಣ_ಸುತ್ತಿಗೆ:

ಹಾಗಾದರೆ ಎಳೆಯಲೇಬೇಡಿ. ಮುರಕಲ್ಲಿನ ಭಾಗ ಆಗಿದ್ದರೆ ಎಳೆಯಬಹುದಿತ್ತು, ಮಣ್ಣಿನ ಭಾಗದಲ್ಲಿ ಬೇರಿನ ಜೊತೆ ಒಂದು ಬುಟ್ಟಿ ಮಣ್ಣೂ ಬರ್ತದೆ. ಅಲ್ಲಿ ಕುಳಿ ಬಿದ್ದರೆ ಮುಂದಿನ ಆಟಿಯ ಮಳೆಯಲ್ಲಿ ಕಟ್ಟೆಯ ಅಡಿ ಜರೀತದೆ. ಗಿಡವನ್ನು ಬುಡದಲ್ಲಿ ಕೊಯ್ದು, ಬಾವಿಯೊಳಗೆ ನೇತಾಡುವ ಬೇರನ್ನು ಗೋಡೆಗೆ ಸಮನಾಗಿ ಕತ್ತರಿಸಿ, ಒಳಗಿನದ್ದನ್ನು ಹಾಗೇ ಬಿಡಿ. ಚಿಗುರು ತಿಂಗಳಿಗೆರಡು ಸಲ ಚಿವುಟಬೇಕು. ಅದಕ್ಕೆ ಬಾವಿಗೆ ಇಳಿಯಬೇಕಾಗಿಲ್ಲ, ಅಡಿಕೆ ಕೊಯ್ಯುವ ದೋಟಿಗೆ ಕತ್ತಿ ಕಟ್ಟಿದರೆ ಮುಟ್ಟುತ್ತದೆ. ಗಿಡ ಪೂರ್ತಿ ಸತ್ತ ಮೇಲೆ, ಬೇಸಿಗೆಯಲ್ಲಿ, ಮಣ್ಣಿನ ಭಾಗಕ್ಕೆ ಕಾಂಕ್ರೀಟ್ ರಿಂಗ್ ಇಳಿಸಿ ಹಿಂದೆ ಜಲ್ಲಿ ತುಂಬಿಸಿದರೆ ಶಾಶ್ವತ. ರಿಂಗ್ ಮುರಕಲ್ಲಿನ ಮೇಲೆ ಕೂರಬೇಕು, ಮಣ್ಣಿನ ಮೇಲೆ ಕೂತರೆ ಪ್ರಯೋಜನ ಇಲ್ಲ.

ಇಳಿಯಲೇಬೇಕಾದರೆ ಒಬ್ಬರೇ ಇಳಿಯಬಾರದು. ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು. ಮೇಣದ ಬತ್ತಿ ಇಳಿಸಿ ನೋಡುವ ಕ್ರಮ ಉಂಟಲ್ಲ, ಬತ್ತಿ ನಂದಿದರೆ ಖಂಡಿತ ಇಳಿಯಬೇಡಿ. ಆದರೆ ಉರಿಯಿತು ಅಂತ ಮಾತ್ರಕ್ಕೆ ಗಾಳಿ ಸರಿ ಉಂಟು ಅಂತಲೂ ಅಲ್ಲ.

ಪದವಿನ_ಹುಲ್ಲು:

ಈಗ ನೆಡುವ ವಿಷಯ. 30 ಸೆಂಟ್ಸ್ ಅಂದರೆ ಸುಮಾರು 1,214 ಚದರ ಮೀಟರ್, ಚೌಕ ಜಾಗ ಆದರೆ ಒಂದೊಂದು ಬದಿ ಸುಮಾರು 35 ಮೀಟರ್. ಗೋಳಿಗೂ ಅಶ್ವತ್ಥಕ್ಕೂ ಮನೆ, ಬಾವಿ, ಶೌಚದ ಗುಂಡಿ ಇವುಗಳಿಂದ 20 ಮೀಟರ್ ದೂರ ಬೇಕು ಎಂದು ಇಟ್ಟುಕೊಳ್ಳಿ. ಮನೆ ನಡುವೆ ಇದ್ದರೆ ಆ 20 ಮೀಟರ್ ನಿಮ್ಮ ಪಾಗಾರದ ಆಚೆ, ನೆರೆಯವರ ಅಡಿಕೆ ತೋಟದಲ್ಲಿ ಮುಗಿಯುತ್ತದೆ. ಆದ್ದರಿಂದ ಗೋಳಿ ಬೇಡ. ಜಾಗದ ತಗ್ಗಿನಲ್ಲಿ ತೋಡು ಇದ್ದರೆ ಅದರ ಕರೆಯಲ್ಲಿ ಒಂದು ಅತ್ತಿ ನೆಡಬಹುದು. ಅತ್ತಿಗೆ ಬಿಳಲಿಲ್ಲ, ಹಣ್ಣು ಬೊಡ್ಡೆಯಲ್ಲೇ ಗೊಂಚಲಾಗಿ ಬಿಡುತ್ತದೆ, ಹಕ್ಕಿಗೆ ಅಷ್ಟೇ ಉಪಕಾರ. ಅದಕ್ಕೂ ಬಾವಿಯಿಂದ 10 ಮೀಟರ್ ದೂರ ಇರಲಿ.

ನಮ್ಮ ಕಡೆ ದೂರ ಹೆಚ್ಚು ಇಡಬೇಕಾದ್ದಕ್ಕೆ ಕಾರಣ ಮುರಕಲ್ಲು. ಪದವಿನಲ್ಲಿ (ಮುರಕಲ್ಲಿನ ಬಯಲುಗುಡ್ಡದಲ್ಲಿ) ಮೇಲ್ಮಣ್ಣು ಎಷ್ಟೋ ಕಡೆ ಒಂದಡಿಯೂ ಇಲ್ಲ. ಅಡಿಯಲ್ಲಿ ಪಾರೆ (ಬಂಡೆ) ಸಿಕ್ಕಿದ ಬೇರು ಆಳಕ್ಕೆ ಹೋಗದೆ ಅಡ್ಡ ಹರಡುತ್ತದೆ, ತೇವ ಎಲ್ಲಿದೆಯೋ ಅಲ್ಲಿಗೆ. ಇಂಗುಗುಂಡಿ, ಪೈಪಿನ ಜಾಯಿಂಟ್, ಟ್ಯಾಂಕಿನ ಅಡಿ ಇವೆಲ್ಲ ಅದರ ದಾರಿ. ಬೇರಿಗೆ ಆಳದ ಹಿಡಿತ ಇಲ್ಲದ ಕಾರಣ ಜೂನ್‌ನ ಮೊದಲ ಗಾಳಿಗೆ ಬುಡಸಮೇತ ಮಗುಚುವುದೂ ಇದೇ ಮರಗಳು. ಆದ್ದರಿಂದ ಎಲ್ಲಿ ನೆಟ್ಟರೂ ಗುಂಡಿ ಮೀಟರ್ ಉದ್ದ, ಮೀಟರ್ ಅಗಲ, ಮೀಟರ್ ಆಳ, ಹಾರೆಕೋಲಿನಲ್ಲಿ ಪಾರೆ ಒಡೆದೇ ಆಗಬೇಕು. ತಳದಲ್ಲಿ ನೀರು ನಿಲ್ಲುತ್ತದೆಯೇ ಎಂದು ಎರಡು ಕೊಡ ಹೊಯ್ದು ನೋಡಿ. ಮರುದಿನವೂ ನಿಂತಿದ್ದರೆ ಒಂದು ಮೂಲೆಯಿಂದ ತಗ್ಗಿಗೆ ಕಣಿ ಬಿಡಿಸಬೇಕು. ಮೇಲ್ಮಣ್ಣು, ಸುಡುಮಣ್ಣು, ಹಳೆ ಹಟ್ಟಿಗೊಬ್ಬರ ಸೇರಿಸಿ ತುಂಬಿಸಿ.

ಗೋಡೆಯಿಂದ ಕಿತ್ತ ಅಶ್ವತ್ಥ ಬದುಕುತ್ತದೆ, ಆದರೆ ನೇರ ನೆಲಕ್ಕೆ ಹಾಕಬೇಡಿ. ಗೋಡೆಯ ಬೇರು ಚಪ್ಪಟೆ, ಹೀರುವ ಸಣ್ಣ ಬೇರು ಕಡಿಮೆ. ಕಿತ್ತ ಕೂಡಲೇ ಒದ್ದೆ ಗೋಣಿಯಲ್ಲಿ ಸುತ್ತಿ. ಇರುವ ಎಲೆಗಳಲ್ಲಿ ಅರ್ಧ ತೆಗೆಯಿರಿ, ಉದ್ದ ಬೇರನ್ನು ಮಡಚದೆ ಹರಿತ ಕತ್ತರಿಯಲ್ಲಿ ಕುಗ್ಗಿಸಿ. ದೊಡ್ಡ ಚೀಲದಲ್ಲಿ ಕೆಂಪುಮಣ್ಣು, ಹೊಯಿಗೆ, ಗೊಬ್ಬರ ಸಮಪಾಲು ಹಾಕಿ ನೆಟ್ಟು ಮಳೆ ಹನಿ ನೇರ ಬೀಳದ ನೆರಳಿನಲ್ಲಿಡಿ. ಇದ್ದ ಎಲೆ ಎಲ್ಲ ಉದುರಿದರೆ ಗಾಬರಿ ಬೇಡ. ಉಗುರಿನಿಂದ ತೊಗಟೆ ಕೆರೆದು ಒಳಗೆ ಹಸಿರಿದ್ದರೆ ಜೀವ ಇದೆ. ಮುಂದಿನ ವರ್ಷದ ಜೂನ್‌ನಲ್ಲಿ ನೆಲಕ್ಕೆ. ಕೆಲಸದವರಿಗೂ ಇದನ್ನೇ ಹೇಳಿ, ಕಡಿಯುವ ಕೆಲಸ ಎನ್ನದೆ ಎಬ್ಬಿಸಿ ನೆಡುವ ಕೆಲಸ ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ದೇವಸ್ಥಾನದ ಬಯಲು, ಶಾಲೆಯ ಮೈದಾನದ ಮೂಲೆ, ಬನದ ಕರೆ ಇಂಥಲ್ಲಿ ಗೋಳಿ ನೆಡುವುದಾದರೆ ಸಸಿಗಿಂತ ಕೊಂಬೆ ಸುಲಭ. ಹಿಂದೆ ಸಾಲುಮರ ಎಬ್ಬಿಸಿದ್ದೂ ಹೀಗೆಯೇ. ಮೇ ಕೊನೆಗೆ ಎಂಟಡಿ ಉದ್ದದ, ಮಣಿಕಟ್ಟಿನಷ್ಟು ದಪ್ಪದ ನೇರ ಕೊಂಬೆ ಕೊಯ್ದು, ಹಾಲು ಒಣಗಲು ಎರಡು ದಿನ ನೆರಳಿನಲ್ಲಿ ಒರಗಿಸಿಡಿ. ಮೇಲಿನ ಕೊಯ್ತಕ್ಕೆ ಸೆಗಣಿ ಮೆತ್ತಿ. ಎರಡಡಿ ಹೂತು ಸುತ್ತ ಗಟ್ಟಿಯಾಗಿ ತುಳಿದು, ಆಡು ಮುಟ್ಟದ ಹಾಗೆ ಬೇಲಿ ಕಟ್ಟಿ. ಮೊದಲ ಎರಡು ಬೇಸಿಗೆ, ಜನವರಿಯಿಂದ ಮೇ ತನಕ, ವಾರಕ್ಕೆ ಎರಡು ಕೊಡ ನೀರು. ಚಿಗುರು ಬಂತೆಂದು ಬೇರು ಬಂತೆಂದು ತಿಳಿಯಬೇಡಿ. ಕೊಂಬೆಯೊಳಗಿನ ಸತ್ವದಲ್ಲೇ ಮೊದಲ ಚಿಗುರು ಬರುತ್ತದೆ, ಅಲುಗಾಡಿಸಿದರೆ ಅಲ್ಲಿಗೆ ಮುಗಿಯಿತು. ಅಶ್ವತ್ಥದ ಕೊಂಬೆ ಗೋಳಿಯಷ್ಟು ಸಲೀಸಾಗಿ ಬೇರು ಬಿಡುವುದಿಲ್ಲ, ಅದಕ್ಕೆ ಸಸಿಯೇ ಸರಿ.

ಅಂದ ಹಾಗೆ ಹೆಸರಿನ ಗೊಂದಲ. ಘಟ್ಟದ ಮೇಲೆ ಆಲ ಎನ್ನುವುದನ್ನೇ ನಾವು ಗೋಳಿ ಎನ್ನುವುದು, ಗೋಳಿತೊಟ್ಟು, ಗೋಳಿಯಂಗಡಿ ಎಲ್ಲ ಅದರಿಂದಲೇ. ಮಲೆನಾಡಿನವರ ಗೋಣಿ ಮರ ಬೇರೆ ಜಾತಿ. ಕಾಸರಗೋಡು ಪೇಟೆಯ ನರ್ಸರಿಯಲ್ಲಿ ಕೇಳುವಾಗ ಪೇರಾಲ್ ಅಂದರೆ ಗೋಳಿ, ಅರಯಾಲ್ ಅಂದರೆ ಅಶ್ವತ್ಥ. ಇವೆರಡರ ಜೊತೆ ಅತ್ತಿ, ಇತ್ತಿ ಸೇರಿದರೆ ಮಲಯಾಳ ವೈದ್ಯದ ನಾಲ್ಪಾಮರ.

ಬನದ_ಬಾಗಿಲು (ಕುಂಬಳೆ):

ಇದೇ ಜಾಗದಲ್ಲಿ ನನ್ನ ಪ್ರಶ್ನೆಯನ್ನೂ ಸೇರಿಸುತ್ತೇನೆ. ಅಶ್ವತ್ಥಕಟ್ಟೆಯ ಜೀರ್ಣೋದ್ಧಾರಕ್ಕೆ ಗ್ರಾನೈಟ್ ಹಾಸುವ ಯೋಚನೆ ನಡೆದಿದೆ. ಮರಕ್ಕೆ 60 ವರ್ಷ ದಾಟಿರಬಹುದು. ಈಗಿರುವ ಕಟ್ಟೆಯಲ್ಲಿ ಸಿಮೆಂಟ್ ಬೊಡ್ಡೆಗೆ ತಾಗಿಯೇ ಇದೆ, ಮೇಲಿನ ಎರಡು ಕೊಂಬೆ ಒಣಗುತ್ತಿದೆ. ಮರಕ್ಕೆ ತೊಂದರೆ ಆಗದ ಹಾಗೆ ಹೇಗೆ ಕಟ್ಟುವುದು?

ಪದವಿನ_ಹುಲ್ಲು:

ಗ್ರಾನೈಟ್ ಹಾಸಿದರೆ ಉಳಿದ ಕೊಂಬೆಗಳೂ ಅದೇ ದಾರಿ ಹಿಡಿಯುತ್ತವೆ. ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲೇ ಇರುವುದು, ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಬೊಡ್ಡೆ ನೆಲಕ್ಕೆ ಸೇರುವಲ್ಲಿ ಗಂಟೆಯ ಬಾಯಿಯ ಹಾಗೆ ಅಗಲವಾಗುತ್ತದಲ್ಲ, ಆ ಭಾಗ ಕಾಣುತ್ತಿರಬೇಕು. ಕಾಣದಿದ್ದರೆ ಮಣ್ಣೋ ಸಿಮೆಂಟೋ ಅದನ್ನು ಮುಚ್ಚಿದೆ ಎಂದರ್ಥ, ತೊಗಟೆ ಒಳಗೆ ಕೊಳೆಯುತ್ತಿರುತ್ತದೆ.

ಮಳೆ ಮುಗಿದ ಮೇಲೆ, ಬಿಸಿಲು ಬಲಿಯುವ ಮೊದಲು, ಬೊಡ್ಡೆಯ ಸುತ್ತ ಮೂರಡಿ ಸಿಮೆಂಟನ್ನು ಕೈಚಾಣದಲ್ಲೇ ಎಬ್ಬಿಸಿ. ಬ್ರೇಕರ್ ಮೆಷಿನ್ ತಂದರೆ ತೊಗಟೆಯೂ ಎದ್ದು ಬರುತ್ತದೆ. ಹೆಚ್ಚಿನ ಮಣ್ಣನ್ನು ಕೈಯಲ್ಲಿ ಬಗೆದು ತೆಗೆಯಿರಿ. ತೊಗಟೆಯಿಂದ ಹೊರಟು ಬೊಡ್ಡೆಯನ್ನೇ ಸುತ್ತಿದ ಸಪೂರ ಬೇರು ಕಂಡರೆ ಕೊಯ್ದು ಬಿಡಿ, ಮುಂದೆ ಅದೇ ಮರಕ್ಕೆ ಉರುಳಾಗುತ್ತದೆ. ಕಟ್ಟೆಯನ್ನು ಮುರಕಲ್ಲಿನಲ್ಲೇ ಕಟ್ಟಿ, ಕೂರುವ ಎತ್ತರ ಒಂದೂವರೆ ಅಡಿ ಸಾಕು, ಒಳಗೆ ಮಣ್ಣು ಏರಿಸಬೇಡಿ. ಅಡಿಪಾಯಕ್ಕೆ ಸುತ್ತ ಅಖಂಡ ಕಣಿ ತೋಡಿದರೆ ದೊಡ್ಡ ಬೇರುಗಳೆಲ್ಲ ತುಂಡಾಗುತ್ತವೆ. ಅದರ ಬದಲು ಬೇರು ಇಲ್ಲದ ಕಡೆ ಆರೆಂಟು ಕುಂದ (ಕಂಬ) ನಿಲ್ಲಿಸಿ ಮೇಲೆ ಚಪ್ಪಡಿ ಹಾಸಿದರೆ ಬೇರು ಅಡಿಯಿಂದ ಹೋಗುತ್ತದೆ. ಪ್ರದಕ್ಷಿಣೆಯ ನೆಲಕ್ಕೆ ಹೊಯಿಗೆಯ ಮೇಲೆ ಗಾರೆಯಿಲ್ಲದೆ ಕಲ್ಲು ಹಾಸಿ, ಬೇರು ದಪ್ಪ ಆದಾಗ ಆ ಕಲ್ಲೊಂದನ್ನು ಎತ್ತಿ ಪುನಃ ಕೂರಿಸಬಹುದು.

ಇನ್ನೂ ಎರಡು. ದೀಪ, ಕರ್ಪೂರ ಬೊಡ್ಡೆಯಿಂದ ಮೂರಡಿ ಆಚೆ ಇರಲಿ, ತೊಗಟೆಯ ಅಡಿಯ ಜೀವಪದರ ಬಹಳ ತೆಳು, ದಿನಾ ಬಿಸಿ ತಾಗಿದರೆ ಆ ಬದಿ ಸಾಯುತ್ತದೆ. ನೋಟೀಸು ಬೋರ್ಡಿನ ಮೊಳೆ, ಮೈಕಿನ ತಂತಿ ಬಿಗಿದದ್ದು ಎಲ್ಲ ಬಿಚ್ಚಿ. ಒಣಗಿದ ಕೊಂಬೆಯನ್ನು ಬುಡದ ಉಬ್ಬಿದ ಉಂಗುರ ಉಳಿಸಿ ಕೊಯ್ಯಬೇಕು, ಬೊಡ್ಡೆಗೆ ಸಮನಾಗಿ ಸವರಿದರೆ ಗಾಯ ಮುಚ್ಚುವುದೇ ಇಲ್ಲ. ಮೊದಲು ಅಡಿಯಿಂದ ಮೂರನೇ ಒಂದು ಭಾಗ ಗರಗಸ ಹಾಕಿ, ಮತ್ತೆ ಸ್ವಲ್ಪ ಆಚೆ ಮೇಲಿನಿಂದ; ಭಾರ ಬಿದ್ದ ಮೇಲೆ ಉಳಿದ ಮೋಟು. ನೇರ ಮೇಲಿನಿಂದಲೇ ಕೊಯ್ದರೆ ಬೀಳುವ ಕೊಂಬೆ ತೊಗಟೆಯನ್ನು ಸೀಳಿಕೊಂಡು ಇಳಿಯುತ್ತದೆ.

ಚಾಣ_ಸುತ್ತಿಗೆ:

ಇದಕ್ಕೆ ಒಂದು ಸೇರಿಸ್ತೇನೆ. ಕರೆಂಟಿನ ತಂತಿಗೆ ತಾಗ್ತದೆ ಅಂತ ಮಾರ್ಗದ ಬದಿಯ ಗೋಳಿಯ ತಲೆ ಬೋಳಿಸ್ತಾರಲ್ಲ, ಅದರಿಂದ ಅಪಾಯ ಹೆಚ್ಚಾಗುವುದೇ. ಕೊಯ್ದ ಮೋಟಿನ ಸುತ್ತ ಬರುವ ಹತ್ತಿಪ್ಪತ್ತು ಚಿಗುರು ತೊಗಟೆಗೆ ಅಂಟಿಕೊಂಡದ್ದು ಮಾತ್ರ, ಒಳಗಿನ ಮರದಲ್ಲಿ ಹಿಡಿತ ಇಲ್ಲ. ನಾಲ್ಕು ವರ್ಷದಲ್ಲಿ ತೊಡೆಗಾತ್ರ ಆಗಿ ಗಾಳಿಗೆ ಸಿಗಿದು ಬೀಳ್ತದೆ. ತಂತಿಯ ಬದಿಗೆ ಬಂದ ಕೊಂಬೆಯನ್ನು ಕವಲಿನ ತನಕ ಪೂರ್ತಿ ತೆಗೆದು ಉಳಿದದ್ದು ಮುಟ್ಟಬಾರದು.

ಅಡ್ಡ ಚಾಚಿದ ಗೋಳಿ ಕೊಂಬೆಗೆ ಬಿಳಲು ಇಳಿಸುವುದು ಕಬ್ಬಿಣದ ಕಂಬ ಕೊಡುವುದಕ್ಕಿಂತ ಒಳ್ಳೆಯದು. ಬಿದಿರನ್ನು ಉದ್ದಕ್ಕೆ ಸೀಳಿ ಗಂಟು ಒಡೆದು, ಬಿಳಲನ್ನು ಒಳಗಿಟ್ಟು ಮಣ್ಣು ಮತ್ತು ತೆಂಗಿನ ನಾರಿನ ಪುಡಿ ತುಂಬಿಸಿ ಕಟ್ಟಿ, ಬುಡವನ್ನು ಗೊಬ್ಬರದ ಗುಂಡಿಗೆ ಇಳಿಸಿ. ಬೇಸಿಗೆಯಲ್ಲಿ ಮೇಲಿನಿಂದ ನೀರು ಬಿಡ್ತಾ ಇರಬೇಕು. ನೆಲ ಹಿಡಿದ ಮೇಲೆ ಅದು ತಾನೇ ದಪ್ಪ ಆಗಿ ಕಂಬ ಆಗ್ತದೆ. ಹೌರಾ ಸಸ್ಯೋದ್ಯಾನದ ದೊಡ್ಡ ಆಲಕ್ಕೆ ನಡುವಿನ ಬೊಡ್ಡೆಯೇ ಇಲ್ಲ, ಶಿಲೀಂಧ್ರ ತಗಲಿ 1925ರಲ್ಲಿ ಅದನ್ನು ತೆಗೆದರು. ಇವತ್ತಿಗೂ ಬಿಳಲುಗಳ ಮೇಲೆ ನಿಂತಿದೆ.

ನೆರೆಯವರ ಮರ ನಿಮ್ಮ ಮಾಡಿನ ಮೇಲೆ ಬೀಳುವ ಹಾಗಿದ್ದರೆ ಜಗಳಕ್ಕೆ ಮೊದಲು ಪಂಚಾಯತಿಗೆ ಅರ್ಜಿ ಕೊಡಿ. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ 238ನೇ ಕಲಂ ಅಪಾಯದ ಮರಗಳದ್ದೇ. ಕೊಂಬೆ ಇಳಿಸಲಿಕ್ಕೆ ಮಾಲಿಕರಿಗೆ ನೋಟೀಸು ಕೊಡಬಹುದು.

ಚಟ್ಟಿಗಿಡ:

30 ಸೆಂಟ್ಸ್‌ನವರಿಗೆ ಚಟ್ಟಿಯಲ್ಲಿ ಅಲಂಕಾರದ ರಬ್ಬರ್ ಗಿಡವೋ (ತೋಟದ ರಬ್ಬರ್ ಅಲ್ಲ) ಬೆಂಜಮಿನಾವೋ ಇಟ್ಟುಕೊಳ್ಳಬಹುದಲ್ಲ, ಅವೂ ಗೋಳಿಯ ಕುಟುಂಬವೇ. ಮೂಡು ಜಗಲಿಯ ಬೆಳಕು ಸರಿಹೋಗುತ್ತದೆ. ಮಳೆಗಾಲದಲ್ಲಿ ಬೆಳಕೂ ಕಡಿಮೆ, ಮಣ್ಣೂ ಆರುವುದಿಲ್ಲ. ಬೇಸಿಗೆಯ ಲೆಕ್ಕದಲ್ಲಿ ದಿನಾ ನೀರು ಹೊಯ್ದರೆ ಕೆಳಗಿನ ಎಲೆ ಹಳದಿಯಾಗಿ ಉದುರುತ್ತದೆ. ಬೆರಳು ಎರಡು ಗೆಣ್ಣು ಇಳಿಸಿ ಒಣಗಿದ್ದರೆ ಮಾತ್ರ ನೀರು. ಬೆಂಜಮಿನಾವನ್ನು ಜಾಗ ಬದಲಿಸಿದರೂ ಎಲೆ ಉದುರಿಸುತ್ತದೆ, ಅದು ರೋಗವಲ್ಲ, ಅಲ್ಲೇ ಬಿಟ್ಟರೆ ಸರಿಯಾಗುತ್ತದೆ. ಬಿಳಿ ಹಿಟ್ಟುತಿಗಣೆ ಬಂದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು, ಎಲೆಯ ಅಡಿಗೆ ಸಂಜೆ ಹೊತ್ತು ವಾರಕ್ಕೊಮ್ಮೆ. ಕೊಯ್ದಾಗ ಬರುವ ಹಾಲು ಕೆಲವರಿಗೆ ತುರಿಕೆ, ಕೈಗವಸು ಹಾಕಿ.

ಚಟ್ಟಿಯನ್ನು ನೆಲಕ್ಕೆ ತಾಗಿಸಿ ಇಡಬೇಡಿ, ಇಟ್ಟಿಗೆ ಮೇಲಿರಲಿ. ತೂತಿನಿಂದ ಹೊರಟ ಬೇರು ಟೈಲ್ಸಿನ ಸಂದಿಗೆ ಇಳಿಯಿತೆಂದರೆ ನೀವು ಮೊದಲಿನ ಪ್ರಶ್ನೆಗೇ ಬಂದು ನಿಂತಿರಿ.

ಹಂಚಿನಮಾಡು:

ಎಲ್ಲರಿಗೂ ಉಪಕಾರ. ಪೆನ್ಸಿಲ್ ಗಾತ್ರದ್ದು ಈ ಜೂನ್‌ಗೆ, ಬಾವಿಯದ್ದು ಈ ವಾರವೇ. ಪಿಲಾಲಕ್ಕೆ ಡಿಸೆಂಬರ್ ತನಕ ಕಾಯಬೇಕು ಅಂತಾದರೆ ಮಧ್ಯದ ಮಳೆಗಾಲಕ್ಕೆ ಎಂತ ಮಾಡುವುದು?

ಚಾಣ_ಸುತ್ತಿಗೆ:

ಕೊಂಬೆ ಪೂರ್ತಿ ಇಳಿಸಿ, ಗಾಳಿಗೆ ತೂಗಿ ಗೋಡೆ ಅಲುಗಬಾರದು. ಬಿರಿದ ಸಾರಣೆಯ ಎರಡೂ ಬದಿಗೆ ಒಂದು ಗಾಜಿನ ಚೂರನ್ನು ಅಡ್ಡಕ್ಕೆ ಗಾರೆಯಲ್ಲಿ ಕೂರಿಸಿ ತಾರೀಕು ಬರೆದಿಡಿ. ಗಾಜು ಒಡೆದರೆ ಗೋಡೆ ಸರಿಯುತ್ತಾ ಉಂಟು ಅಂತ ಲೆಕ್ಕ, ಆಗ ಡಿಸೆಂಬರ್ ಕಾಯಬೇಡಿ, ಅವತ್ತೇ ಒಳಗಿಂದ ಪಕ್ಕಾಸಿಗೆ ಜಾಕ್ ಕೊಟ್ಟು ಮೇಸ್ತ್ರಿಯನ್ನು ಕರೆಸಿ. ಬಿರುಕಿನ ಮೇಲೆ ತಗಡೋ ಮಡಲೋ ಇಳಿಬಿಟ್ಟು ನೀರು ಒಳಗೆ ಹೋಗದ ಹಾಗೆ ಮಾಡಿ, ಪ್ಲಾಸ್ಟಿಕ್ ಅಂಟಿಸಬೇಡಿ, ಒಳಗಿನ ತೇವ ಅಲ್ಲೇ ಕೂರ್ತದೆ.